ಬಂದವರಿಗೆ ಬಾಗಿಲು: ಇಂಗ್ಲೆಂಡಿನ ಹೆದ್ದಾರಿ ಇನ್‌ಗಳ ಕಥೆ

1816ರ ಅಕ್ಟೋಬರ್ 20, ಭಾನುವಾರ ರಾತ್ರಿ. ಎಕ್ಸಿಟರ್‌ನಿಂದ ಲಂಡನ್ನಿಗೆ ಹೊರಟಿದ್ದ ಟಪ್ಪಾಲು ಗಾಡಿ ಸಾಲ್ಸ್‌ಬರಿ ದಾಟಿ, ಕೆಲವು ಮೈಲಿ ಆಚೆಯ, ದಾರಿಹೋಕರು ತಂಗುವ ವಿಂಟರ್‌ಸ್ಲೋ ಹಟ್ ಎಂಬ ಇನ್‌ನತ್ತ ಬರುತ್ತಿತ್ತು. ಕುದುರೆಗಳ ಪಕ್ಕದಲ್ಲಿ ಕರುವಿನಂಥದ್ದೊಂದು ಓಡಿ ಬರುತ್ತಿರುವುದು ಗಾಡಿ ಹೊಡೆಯುವವನ ಕಣ್ಣಿಗೆ ಬಿತ್ತು. ಗಾಡಿ ನಿಂತದ್ದೇ ತಡ, ಅದು ಮುಂದಿನ ಸಾಲಿನ ಒಂದು ಕುದುರೆಯ ಮೇಲೆ ಎರಗಿತು. ಕರುವಲ್ಲ, ಸಿಂಹಿಣಿ! ಸಾಲ್ಸ್‌ಬರಿ ಜಾತ್ರೆಗೆ ಹೊರಟಿದ್ದ ಪ್ರಾಣಿ ಪ್ರದರ್ಶನದವರ ಬೋನಿನಿಂದ ತಪ್ಪಿಸಿಕೊಂಡು ಬಂದಿತ್ತು. ಗಾರ್ಡ್ ತನ್ನ ದಪ್ಪ ಬಾಯಿಯ ಕೋವಿ ಎತ್ತಿ ಗುರಿ ಹಿಡಿದ. ಅಷ್ಟರಲ್ಲಿ ಪ್ರಾಣಿಯ ಯಜಮಾನ ಓಡಿ ಬಂದು, ಹೊಡೆಯಬೇಡಿ ಎಂದು ತಡೆದ. ದೊಡ್ಡ ನಾಯಿಯೊಂದು ಸಿಂಹಿಣಿಯ ಮೇಲೆ ಬಿದ್ದಾಗ ಅದು ಕುದುರೆಯನ್ನು ಬಿಟ್ಟು ನಾಯಿಯ ಬೆನ್ನು ಹತ್ತಿತು. ಕೊನೆಗೆ ಕಲ್ಲಿನ ಗೂಟಗಳ ಮೇಲೆ ನಿಂತಿದ್ದ ಕಣಜವೊಂದರ ಅಡಿ ನುಸುಳಿ ಕೂತಿತು. ಅಲ್ಲಿಂದಲೇ ಅದನ್ನು ಹಿಡಿದು ಒಯ್ದರು.

ಈ ಗದ್ದಲದ ನಡುವೆ ಗಾಡಿಯಲ್ಲಿದ್ದವರೆಲ್ಲ ಇನ್‌ನೊಳಗೆ ನುಗ್ಗಿ ಬಾಗಿಲು ಜಡಿದುಕೊಂಡರು. ಒಬ್ಬ ಮಾತ್ರ ಹೊರಗೇ ಉಳಿದ. ಬಾಗಿಲು ಬಡಿದರೂ ಒಳಗಿದ್ದವರು ತೆಗೆಯಲಿಲ್ಲ. ಆ ಭಯ ಅವನ ತಲೆಗೇ ಹೊಡೆಯಿತೆಂದೂ, ಮುಂದೆ ಹುಚ್ಚಾಸ್ಪತ್ರೆ ಸೇರಿದನೆಂದೂ ಅಲ್ಲಿಯವರು ಹೇಳುತ್ತ ಬಂದಿದ್ದಾರೆ.

ಈ ಘಟನೆಯ ಚಿತ್ರಗಳು ಆ ಕಾಲದಲ್ಲಿ ಚೆನ್ನಾಗಿ ಖರ್ಚಾದವು. ಸಿಂಹಿಣಿಯ ಬಾಯಿಂದ ಪಾರಾದ ಕುದುರೆಯನ್ನೂ ಜಾತ್ರೆಯಲ್ಲಿ ಕಾಸು ಪಡೆದು ತೋರಿಸಿದರು. ನನ್ನ ಮನಸ್ಸು ಮಾತ್ರ ಬಾಗಿಲಾಚೆ ಉಳಿದ ಆ ಪ್ರಯಾಣಿಕನ ಹತ್ತಿರವೇ ನಿಲ್ಲುತ್ತದೆ. ಇಂಗ್ಲೆಂಡಿನ ಹಳ್ಳಿಗಾಡಿನ ಇನ್‌ಗಳ ಬಗ್ಗೆ ಬರೆಯುವವರು ತಗ್ಗಿದ ಓಕ್ ತೊಲೆ, ಉರಿಯುವ ಒಲೆಗೂಡು, ಗೋಡೆ ತುಂಬ ಹಬ್ಬಿದ ಬಳ್ಳಿ, ಇವುಗಳನ್ನೇ ವರ್ಣಿಸುತ್ತಾರೆ. ವಾರಾಂತ್ಯಕ್ಕೆ ಅಲ್ಲಿ ತಂಗಲು ಹೋಗುವವರು ಹಣ ಕೊಡುವುದೂ ಅವಕ್ಕೇ. ಆದರೆ ಆ ಮನೆಗಳನ್ನು ಬೇರೆ ಮನೆಗಳಿಂದ ಬೇರೆ ಮಾಡಿದ್ದು ತೊಲೆಯೂ ಅಲ್ಲ, ಬೆಂಕಿಯೂ ಅಲ್ಲ. ದಾರಿಯಲ್ಲಿ ಬಂದವನಿಗೆ ಬಾಗಿಲು ತೆರೆಯಲೇಬೇಕು ಎಂಬ ಒಂದು ಕಟ್ಟಳೆ. ಆ ಕಟ್ಟಳೆ ಎಲ್ಲಿ ನಡೆಯಿತು, ಎಲ್ಲಿ ಮುರಿಯಿತು ಎಂಬುದೇ ಈ ಇನ್‌ಗಳ ನಿಜವಾದ ಇತಿಹಾಸ.

ಮೊದಲಿಗೆ ಆ ಬಾಗಿಲು ಧರ್ಮದ್ದಾಗಿತ್ತು. ಮಧ್ಯಯುಗದ ಮಠಗಳು ಯಾತ್ರಿಕರಿಗೆ ಊಟ, ಮಲಗಲು ಜಾಗ ಕೊಡುತ್ತಿದ್ದವು. ನಮ್ಮ ಧರ್ಮಛತ್ರಗಳ ಹಾಗೆಯೇ. ಯಾತ್ರಿಕರು ಮಠದೊಳಗೆ ಹಿಡಿಸಲಾರದಷ್ಟಾದಾಗ ಮಠದವರೇ ಹೊರಗೆ ಇನ್‌ಗಳನ್ನು ಕಟ್ಟಿಸಿದರು. ಗ್ಲಾಸ್ಟರ್‌ನ ನ್ಯೂ ಇನ್ ಹಾಗೆ ಹುಟ್ಟಿದ್ದು, 1450ರ ಸುಮಾರಿಗೆ. ಕೊಲೆಯಾದ ದೊರೆ ಎರಡನೇ ಎಡ್ವರ್ಡನ ಸಮಾಧಿಯನ್ನು ನೋಡಲು ಅಲ್ಲಿನ ಮಠಕ್ಕೆ ಜನ ಸಾಲುಗಟ್ಟಿ ಬರುತ್ತಿದ್ದರು. ಹೆಸರಿಗೆ ‘ಹೊಸ ಇನ್’, ಕಟ್ಟಿ ಐದೂವರೆ ಶತಮಾನ ದಾಟಿದೆ. ಬೀದಿಯಿಂದ ಒಳಹೊಕ್ಕರೆ ಅಂಗಳ. ಸುತ್ತ ಮರದ ಮೊಗಸಾಲೆ, ಮೇಲೆ ಇನ್ನೊಂದು ಅಂತಸ್ತು. ಕೋಣೆಗಳ ಬಾಗಿಲುಗಳೆಲ್ಲ ಆ ಮೊಗಸಾಲೆಗೇ ತೆರೆದುಕೊಳ್ಳುತ್ತವೆ. ಸಾಮರ್‌ಸೆಟ್‌ನ ನಾರ್ಟನ್ ಸೇಂಟ್ ಫಿಲಿಪ್ ಹಳ್ಳಿಯ ಜಾರ್ಜ್ ಇನ್ ಕೂಡ ಮಠದ್ದೇ. ಹಿಂಟನ್‌ನ ಸನ್ಯಾಸಿಗಳು ಉಣ್ಣೆ ಸಂತೆಗೆ ಬರುವ ವ್ಯಾಪಾರಿಗಳಿಗೆಂದು ಅದನ್ನು ನಡೆಸಿದರು, ಉಣ್ಣೆಯ ಮೂಟೆಗಳನ್ನೂ ಅಲ್ಲೇ ಪೇರಿಸಿಡುತ್ತಿದ್ದರು. ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1668ರಲ್ಲಿ ಮನೆಮಂದಿಯೊಡನೆ ಆ ಊರಲ್ಲಿ ಊಟ ಮಾಡಿದ. 1685ರಲ್ಲಿ ದೊರೆಯ ವಿರುದ್ಧ ದಂಗೆಯೆದ್ದ ಮನ್ಮತ್‌ನ ಡ್ಯೂಕ್, ಸೋಲುವ ಮುನ್ನ ಇದೇ ಜಾರ್ಜ್ ಇನ್‌ನಲ್ಲಿ ತಂಗಿದ್ದ.

ಎಂಟನೇ ಹೆನ್ರಿ 1530ರ ದಶಕದಲ್ಲಿ ಮಠಗಳನ್ನು ಮುಚ್ಚಿಸಿದ. ಧರ್ಮದ ಬಾಗಿಲು ಮುಚ್ಚಿತು, ದಾರಿಹೋಕರು ಮಾತ್ರ ಕಡಿಮೆಯಾಗಲಿಲ್ಲ. ಅವರೆಲ್ಲ ಹಣ ತೆಗೆದುಕೊಳ್ಳುವ ಇನ್‌ಗಳ ಪಾಲಾದರು. 1577ರಲ್ಲಿ ಸರ್ಕಾರ ತೆರಿಗೆಗಾಗಿ ಎಣಿಕೆ ಮಾಡಿಸಿದಾಗ, ಲೆಕ್ಕ ಸಿಕ್ಕಿದ ಜಿಲ್ಲೆಗಳಲ್ಲೇ 1,600ಕ್ಕೂ ಹೆಚ್ಚು ಇನ್‌ಗಳಿದ್ದವು. ಬರೀ ಬಿಯರ್ ಮಾರುವ ಮನೆಗಳು 14 ಸಾವಿರ ದಾಟಿದ್ದವು. ಅದೇ ವರ್ಷ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ ಬರೆದ ಇಂಗ್ಲೆಂಡಿನ ವರ್ಣನೆಯಲ್ಲಿ ಇನ್‌ಗಳ ಒಗೆದ ಹಾಸು, ಮೇಜುಬಟ್ಟೆ, ಇನ್ನೂರು ಮುನ್ನೂರು ಜನ ಮತ್ತು ಅವರ ಕುದುರೆಗಳಿಗೆ ಒಮ್ಮೆಗೇ ಜಾಗ ಕೊಡುವ ದೊಡ್ಡ ಇನ್‌ಗಳು, ಎಲ್ಲದರ ಹೊಗಳಿಕೆ ಇದೆ. ಜೊತೆಗೆ ಎಚ್ಚರಿಕೆಯೂ ಇದೆ: ಲಾಯದ ಆಳು ನಿಮ್ಮ ಚೀಲವನ್ನು ಕೈಯಲ್ಲಿ ಎತ್ತಿ ತೂಕ ನೋಡುತ್ತಾನೆ, ಭಾರವಿದ್ದರೆ ಮುಂದಿನ ದಾರಿಯಲ್ಲಿ ಕಾದಿರುವ ಕಳ್ಳರಿಗೆ ಸುದ್ದಿ ಹೋಗುತ್ತದೆ.

ಈ ಕಾಲದ ಇನ್ನೊಂದು ಗುರುತು ವೇರ್ ಊರಿನ ಮಂಚ. 1590ರ ಸುಮಾರಿಗೆ ಮಾಡಿದ್ದು, ಅಗಲ ಮೂರು ಮೀಟರಿಗೂ ಹೆಚ್ಚು. ಲಂಡನ್ನಿನಿಂದ ಉತ್ತರಕ್ಕೆ ಹೊರಟವರಿಗೆ ವೇರ್ ಮೊದಲ ರಾತ್ರಿಯ ತಂಗುದಾಣ. ಗಿರಾಕಿಗಳನ್ನು ಸೆಳೆಯಲು ಅಲ್ಲಿನ ಇನ್ ಮಾಲೀಕನೊಬ್ಬ ಇಂಥ ಮಂಚ ಮಾಡಿಸಿರಬೇಕು. ಅದು ಎಷ್ಟು ಬೇಗ ಹೆಸರಾಯಿತೆಂದರೆ ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲೇ ಅದರ ಪ್ರಸ್ತಾಪ ಬರುತ್ತದೆ. ಮಲಗಿ ಎದ್ದವರು ಕೆತ್ತಿದ ಹೆಸರುಗಳು, ಮೇಣದ ಮುದ್ರೆಗಳು ಅದರ ಮರದ ಮೇಲೆ ಇವತ್ತೂ ಕಾಣುತ್ತವೆ. 1931ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅದನ್ನು 4,000 ಪೌಂಡ್ ಕೊಟ್ಟು ಕೊಂಡುಕೊಂಡಿತು.

ಧರ್ಮ ಹೋದ ಜಾಗಕ್ಕೆ ಬಂದದ್ದು ಕಾನೂನು. ಇಂಗ್ಲೆಂಡಿನ ನ್ಯಾಯಾಲಯಗಳು ಬಿಯರ್ ಮನೆಗೂ ಇನ್‌ಗೂ ನಡುವೆ ಸ್ಪಷ್ಟ ಗೆರೆ ಎಳೆದವು. ಬಿಯರ್ ಮನೆಯವನು ತನಗೆ ಬೇಡದವರನ್ನು ಹೊರಗೆ ಕಳಿಸಬಹುದು. ಇನ್ ನಡೆಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ಜಾಗವಿದ್ದು, ಬಂದವನು ಹಣ ಕೊಡಲು ತಯಾರಿದ್ದು, ನಡವಳಿಕೆ ಸರಿಯಿದ್ದರೆ, ಅವನಿಗೆ ಊಟ ಕೊಡಬೇಕು, ಹಾಸಿಗೆ ಕೊಡಬೇಕು, ಅವನ ಕುದುರೆಗೆ ಹುಲ್ಲು ಹಾಕಬೇಕು. ನಡುರಾತ್ರಿ ಬಂದರೂ ಅಷ್ಟೇ. ಮಲಗಿದವನ ಸಾಮಾನು ಕಳುವಾದರೆ ಇನ್‌ನವನೇ ತೆರಬೇಕು ಎಂಬುದನ್ನು 1584ರ ಕೇಲೀ ಪ್ರಕರಣ ಗಟ್ಟಿ ಮಾಡಿತು. ಲಾಯದ ಆಳುಗಳು ಕಳ್ಳರಿಗೆ ಸುದ್ದಿ ಕೊಡುತ್ತಿದ್ದ ಕಾಲದಲ್ಲಿ ಈ ಹೊಣೆ ಎಷ್ಟು ಅಗತ್ಯವಾಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ವ್ಯಾಪಾರದ ಮೇಲೆ ಇಷ್ಟು ದೊಡ್ಡ ಹೊಣೆ ಹೊರಿಸಿದ ಆ ನ್ಯಾಯಾಧೀಶರ ಬಗ್ಗೆ ನನಗೆ ತುಂಬು ಗೌರವವಿದೆ.

ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಬಾಗಿಲಲ್ಲಿ ನಿಂತವನ ಕಣ್ಣಲ್ಲಿರಬೇಕು. 1782ರಲ್ಲಿ ಕಾರ್ಲ್ ಫಿಲಿಪ್ ಮೊರಿಟ್ಜ್ ಎಂಬ ಜರ್ಮನ್ ಲೇಖಕ ಇಂಗ್ಲೆಂಡನ್ನು ನಡೆದೇ ನೋಡಲು ಹೊರಟ. ನಡೆಯುವವನು ಎಂದರೆ ಬಡವ, ಇಲ್ಲವೇ ತಲೆಮರೆಸಿಕೊಂಡವ ಎಂಬುದು ಅಲ್ಲಿನ ಇನ್‌ಗಳ ನಂಬಿಕೆ. ವಿಂಡ್ಸರ್‌ನಲ್ಲಿ ಅವನಿಗೆ ಸಿಕ್ಕಿದ್ದು ಸೆರೆಮನೆಯಂಥ ಕೋಣೆ, ಆಳುಗಳ ಸಿಡುಕು ಮುಖ. ಹೊರಡುವಾಗ ಮಾತ್ರ ಅದೇ ಆಳುಗಳು ಭಕ್ಷೀಸಿಗೆ ಕೈಯೊಡ್ಡಿದರು. ಎಷ್ಟೋ ಕಡೆ ಜಾಗವೇ ಇಲ್ಲವೆಂದು ದಬ್ಬಿದರು. ನೆಟಲ್‌ಬೆಡ್ ಎಂಬ ಹಳ್ಳಿಯಲ್ಲಿ ಮಾತ್ರ ಅಡುಗೆಮನೆಯ ಬೆಂಕಿಯ ಮುಂದೆ ಕೂರಿಸಿ ಊಟ ಹಾಕಿದರು, ಒಳ್ಳೆಯ ಹಾಸಿಗೆ ಕೊಟ್ಟರು. ಮಾರನೆಯ ದಿನ ಭಾನುವಾರ. ಅವನು ಒಗೆದ ಬಟ್ಟೆ ತೊಟ್ಟು ಚರ್ಚಿಗೆ ಹೊರಟಾಗ ಅವರ ಮಾತಿನ ಗೌರವವೇ ಬದಲಾಯಿತು. ಆ ಹಳ್ಳಿಯನ್ನು ಬಿಟ್ಟು ಹೋಗಲು ಮನಸ್ಸೇ ಬರಲಿಲ್ಲ ಎಂಬಂತೆ ಅವನು ಅದರ ಬಗ್ಗೆ ಬರೆದಿದ್ದಾನೆ. ಇಂಗ್ಲಿಷ್ ಇನ್‌ಗಳನ್ನು ಕುರಿತ ಹೊಗಳಿಕೆಯೆಲ್ಲ ಸಾರೋಟಿನಲ್ಲಿ ಬಂದವರದ್ದು. 1776ರಲ್ಲಿ ಚಾಪೆಲ್ ಹೌಸ್ ಎಂಬ ಇನ್‌ನಲ್ಲಿ ಊಟಕ್ಕೆ ಕೂತು ನಿಘಂಟುಕಾರ ಡಾ. ಜಾನ್ಸನ್ ಹೊಗಳಿದ ಮಾತು ಎಲ್ಲ ಪುಸ್ತಕಗಳಲ್ಲಿದೆ. ಆದರೆ ನಡೆದು ಬಂದ ಮೊರಿಟ್ಜನ ಸಾಕ್ಷ್ಯದ ತೂಕವೇ ಹೆಚ್ಚು.

ಮೊರಿಟ್ಜ್ ನಡೆದು ಹೋದ ಎರಡೇ ವರ್ಷಕ್ಕೆ ರಸ್ತೆಯೇ ಬದಲಾಯಿತು. ಅದುವರೆಗೆ ಅಂಚೆ ಚೀಲಗಳನ್ನು ಕುದುರೆ ಸವಾರಿ ಮಾಡುವ ಹುಡುಗರು ಒಯ್ಯುತ್ತಿದ್ದರು. ದಾರಿಯಲ್ಲಿ ದರೋಡೆ, ಎಲ್ಲೆಲ್ಲೂ ತಡ. ಬಾತ್ ನಗರದ ನಾಟಕಶಾಲೆಯ ಒಡೆಯ ಜಾನ್ ಪಾಮರ್, ತನ್ನ ನಟರನ್ನು ಗಾಡಿಯಲ್ಲಿ ಒಂದೂರಿಂದ ಇನ್ನೊಂದೂರಿಗೆ ಬೇಗ ಸಾಗಿಸುತ್ತಿದ್ದವನು, ಅಂಚೆಯನ್ನೂ ಹಾಗೆಯೇ ಒಯ್ಯಬಹುದೆಂದು ಹಠ ಹಿಡಿದ. ಅಂಚೆಯ ಅಧಿಕಾರಿಗಳು ಆಗುವುದಿಲ್ಲವೆಂದರು. ಪ್ರಧಾನಿ ಪಿಟ್ ಆಗಲಿ ಎಂದ. 1784ರ ಆಗಸ್ಟ್ 2ರ ಸಂಜೆ ನಾಲ್ಕಕ್ಕೆ ಬ್ರಿಸ್ಟಲ್ ಬಿಟ್ಟ ಮೊದಲ ಟಪ್ಪಾಲು ಗಾಡಿ ಮರುದಿನ ಬೆಳಿಗ್ಗೆ ಎಂಟಕ್ಕೆ ಲಂಡನ್ ಸೇರಿತು. ಹದಿನಾರು ಗಂಟೆ! ಮೊದಲು ಅದೇ ದಾರಿಗೆ ಒಂದೂವರೆ ದಿನ ಹಿಡಿಯುತ್ತಿತ್ತು.

ಆ ವೇಗ ಹುಟ್ಟಿದ್ದು ಇನ್‌ಗಳ ಅಂಗಳದಲ್ಲಿ. ಅಂಚೆ ಇಲಾಖೆಗೆ ಸ್ವಂತದ ಕುದುರೆಗಳೇ ಇರಲಿಲ್ಲ. ಸುಮಾರು ಹತ್ತು ಮೈಲಿಗೊಂದರಂತೆ ದಾರಿಯುದ್ದಕ್ಕೂ ಇದ್ದ ಇನ್ ಮಾಲೀಕರು ಗುತ್ತಿಗೆ ಹಿಡಿದು ತಂತಮ್ಮ ಪಾಲಿನ ದಾರಿಗೆ ಕುದುರೆ ಒದಗಿಸುತ್ತಿದ್ದರು. ಗಾಡಿ ಬರುವ ಹೊತ್ತು ಅವರಿಗೆ ನಿಮಿಷದ ಲೆಕ್ಕದಲ್ಲಿ ಗೊತ್ತು. ದೂರದಲ್ಲಿ ಗಾರ್ಡ್ ಊದುವ ಕಹಳೆ ಕೇಳಿದ ಕೂಡಲೇ ಸರಂಜಾಮು ಬಿಗಿದ ನಾಲ್ಕು ಕುದುರೆಗಳನ್ನು ಲಾಯದಿಂದ ಹೊರಗೆ ತಂದು ನಿಲ್ಲಿಸುತ್ತಿದ್ದರು. ಗಾಡಿ ನಿಲ್ಲುತ್ತಲೇ ಆಳುಗಳು ಎರಡೂ ಕಡೆಯಿಂದ ನುಗ್ಗಿ ಸರಂಜಾಮು ಕಳಚುವರು. ಬೆವರಿ ಹಬೆಯಾಡುವ ಕುದುರೆಗಳು ಅತ್ತ ಹೋದರೆ ಹೊಸವು ಇತ್ತ ಬರುವುವು. ನುರಿತ ಲಾಯದಲ್ಲಿ ಇಷ್ಟಕ್ಕೂ ಒಂದೆರಡು ನಿಮಿಷ ಸಾಕು. ಸುಂಕದಕಟ್ಟೆಯ ಕಾವಲುಗಾರನಿಗೂ ಆ ಕಹಳೆಯೇ ಅಪ್ಪಣೆ: ಟಪ್ಪಾಲು ಗಾಡಿಗೆ ಸುಂಕವಿಲ್ಲ, ಗೇಟು ಮೊದಲೇ ತೆರೆದಿರಬೇಕು, ತಡೆದರೆ ದಂಡ. ಗಾರ್ಡ್ ಹತ್ತಿರ ಎರಡು ಪಿಸ್ತೂಲು, ಒಂದು ಕೋವಿ, ಬೀಗ ಹಾಕಿದ ಪೆಟ್ಟಿಗೆಯಲ್ಲೊಂದು ಗಡಿಯಾರ. ಬ್ರಿಸ್ಟಲ್‌ನ ಸೂರ್ಯ ಲಂಡನ್ನಿಗಿಂತ ಸುಮಾರು ಹತ್ತು ನಿಮಿಷ ತಡವಾದ್ದರಿಂದ ಆಗ ಊರೂರಿಗೂ ಬೇರೆ ಬೇರೆ ಗಂಟೆ. ಆ ವ್ಯತ್ಯಾಸಕ್ಕೆ ತಕ್ಕಂತೆ ದಾರಿಯಲ್ಲಿ ಮುಂದೆ ಅಥವಾ ಹಿಂದೆ ಓಡುವ ಹಾಗೆ ಗಡಿಯಾರವನ್ನು ತಿದ್ದಿ ಇಟ್ಟಿರುತ್ತಿದ್ದರು.

ಮೊದಲ ಸುಂಕದ ರಸ್ತೆ ಬಂದದ್ದು 1663ರಲ್ಲಿ. 1830ರ ದಶಕಕ್ಕೆ ಸುಂಕ ವಸೂಲಿ ಮಾಡುವ ಸಾವಿರಕ್ಕೂ ಮಿಕ್ಕ ಟ್ರಸ್ಟ್‌ಗಳು 20 ಸಾವಿರ ಮೈಲಿಗೂ ಹೆಚ್ಚು ರಸ್ತೆಯನ್ನು ನೋಡಿಕೊಳ್ಳುತ್ತಿದ್ದವು. ಮ್ಯಾಕ್‌ಆಡಮ್, ಟೆಲ್ಫೋರ್ಡ್ ಎಂಬ ಎಂಜಿನಿಯರುಗಳು ಹಾಕಿಸಿದ ಜಲ್ಲಿಯ ಮೇಲೆ ಗಾಡಿಗಳು ಗಂಟೆಗೆ ಹತ್ತು ಮೈಲಿ ಓಡಿದವು. ಇವತ್ತು ನಾವು ಶಾಂತಿ ಹುಡುಕಿ ಹೋಗುವ ಇನ್‌ಗಳೆಲ್ಲ ಆಗ ಹಗಲಿರುಳು ಗದ್ದಲದ ನಿಲ್ದಾಣಗಳು. ಸ್ಟ್ಯಾಮ್‌ಫರ್ಡ್‌ನ ಜಾರ್ಜ್ ಇನ್‌ನಲ್ಲಿ ದಿನಕ್ಕೆ ಲಂಡನ್ ಕಡೆಗೆ ಇಪ್ಪತ್ತು, ಯಾರ್ಕ್ ಕಡೆಗೆ ಇಪ್ಪತ್ತು ಗಾಡಿ. ಮುಂಬಾಗಿಲಿನ ಒಂದು ಪಕ್ಕದ ಕೋಣೆಗೆ ‘ಲಂಡನ್’, ಇನ್ನೊಂದಕ್ಕೆ ‘ಯಾರ್ಕ್’ ಎಂದು ಹೆಸರು. ಯಾವ ಕಡೆಗೆ ಹೋಗುವವರು ಎಲ್ಲಿ ಕಾಯಬೇಕೆಂದು ಕೇಳುವ ಹಾಗೇ ಇರಲಿಲ್ಲ. ಆ ಹಲಗೆಗಳು ಈಗಲೂ ಇವೆ. ಇನ್‌ನ ಹೆಸರು ಹೊತ್ತ ತೊಲೆ ರಸ್ತೆಯ ಈ ಬದಿಯಿಂದ ಆ ಬದಿಗೆ ಅಡ್ಡಲಾಗಿ ಚಾಚಿ ನಿಂತಿದೆ. ಲಂಡನ್ನಿನ ಗಾಡಿಗಳ ಒಡೆಯ ವಿಲಿಯಂ ಚಾಪ್ಲಿನ್ ಎಂಬಾತನ ಲಾಯಗಳಲ್ಲಿ 1838ರ ಹೊತ್ತಿಗೆ ಸುಮಾರು 1,800 ಕುದುರೆಗಳಿದ್ದವು.

ಈ ವೈಭವಕ್ಕೆ ಬೆಲೆ ತೆತ್ತದ್ದು ಕುದುರೆಗಳು. ವೇಗದ ಗಾಡಿಗೆ ಕಟ್ಟಿದ ಕುದುರೆ ಮೂರ್ನಾಲ್ಕು ವರ್ಷಕ್ಕೆ ಸೋತು ಹೋಗುತ್ತಿತ್ತು. ಮನುಷ್ಯರಲ್ಲೂ ಮೇಲು ಕೀಳು ಇತ್ತು. ಗಾಡಿಯ ಒಳಗೆ ನಾಲ್ವರು. ಅರ್ಧ ದರ ಕೊಟ್ಟವರು ಹೊರಗೆ, ಮಳೆ ಹಿಮದಲ್ಲಿ, ಮಾಡಿನ ಮೇಲೆ. ಇನ್ ತಲುಪಿದ ಮೇಲೂ ಒಳಗಿನವರಿಗೆ ಊಟದ ಕೋಣೆ, ಹೊರಗಿನವರಿಗೆ ಹಲವು ಕಡೆ ಅಡುಗೆಮನೆ. ಊಟಕ್ಕೆ ಸಿಗುವುದು ಇಪ್ಪತ್ತು ನಿಮಿಷ. ಸೂಪನ್ನು ಬಾಯಿಗಿಡಲಾರದಷ್ಟು ಬಿಸಿ ಬಡಿಸಿ ಹೊತ್ತು ಕಳೆಯುತ್ತಾರೆ ಎಂಬ ದೂರು ಆ ಕಾಲದಲ್ಲಿ ಸಾಮಾನ್ಯ. ಜಾನ್ ಬಿಂಗ್ ಎಂಬ ಪ್ರವಾಸಿ ತಾನು ತಂಗಿದ ಇನ್‌ಗಳ ಬಿಲ್ಲುಗಳನ್ನು ದಿನಚರಿಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ. ಒದ್ದೆ ಹಾಸಿಗೆಯ ಭಯಕ್ಕೆ ತನ್ನದೇ ಹಾಸುಬಟ್ಟೆಗಳನ್ನು ಕೊಟ್ಟು ಆಳನ್ನು ಮುಂದಾಗಿ ಕಳಿಸುತ್ತಿದ್ದ.

ಬಾತ್ ರಸ್ತೆಯ ದೊಡ್ಡ ಇನ್‌ಗಳಲ್ಲಿ ಒಂದು ಮಾರ್ಲ್‌ಬರೊ ಊರಿನ ಕ್ಯಾಸಲ್ ಇನ್. ಮೊದಲು ಸಾಮರ್‌ಸೆಟ್‌ನ ಡ್ಯೂಕ್ ಮನೆತನದ ಅರಮನೆ; 1751ರಲ್ಲಿ ಇನ್ ಆಯಿತು. ಪ್ರಧಾನಿ ಪಿಟ್‌ನ ತಂದೆ ಹಿರಿಯ ಪಿಟ್ 1767ರಲ್ಲಿ ಕೀಲುನೋವಿನಿಂದ ಅಲ್ಲಿ ವಾರಗಟ್ಟಲೆ ಉಳಿದಾಗ ಇನ್‌ನ ಆಳುಗಳೆಲ್ಲ ತನ್ನ ಮನೆಯ ಸಮವಸ್ತ್ರವನ್ನೇ ತೊಡಬೇಕೆಂದು ಪಟ್ಟು ಹಿಡಿದನೆಂಬ ಕಥೆಯಿದೆ. ಆ ಇನ್ ಒಂದು ಶತಮಾನವೂ ಬಾಳಲಿಲ್ಲ. 1841ರಲ್ಲಿ ಲಂಡನ್‌ನಿಂದ ಬ್ರಿಸ್ಟಲ್‌ವರೆಗೆ ಗ್ರೇಟ್ ವೆಸ್ಟರ್ನ್ ರೈಲು ಪೂರ್ತಿ ಓಡತೊಡಗಿತು. 1843ರಲ್ಲಿ ಕ್ಯಾಸಲ್ ಇನ್ ಮುಚ್ಚಿತು. ಅದೇ ವರ್ಷ ಅದೇ ಕಟ್ಟಡದಲ್ಲಿ ಶಾಲೆ ತೆರೆಯಿತು, ಇಂದಿನ ಮಾರ್ಲ್‌ಬರೊ ಕಾಲೇಜು.

ರೈಲಿನ ಏಟು ಅಷ್ಟು ಬಿರುಸಾಗಿತ್ತು. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್, 1838ರಲ್ಲಿ ಲಂಡನ್–ಬರ್ಮಿಂಗ್‌ಹ್ಯಾಮ್. ಲಂಡನ್ನಿನಿಂದ ಹೊರಡುತ್ತಿದ್ದ ಕೊನೆಯ ಟಪ್ಪಾಲು ಗಾಡಿ, ನಾರ್ವಿಚ್‌ಗೆ ಹೋಗುತ್ತಿದ್ದದ್ದು, 1846ರ ಜನವರಿಯಲ್ಲಿ ನಿಂತಿತು. ಚಾಪ್ಲಿನ್ ಗಾಳಿ ಬೀಸುವ ದಿಕ್ಕನ್ನು ಬೇಗ ಅರಿತ. ಕುದುರೆ ಗಾಡಿ ಮಾರಿ ಹಣವನ್ನು ರೈಲಿಗೆ ಹಾಕಿದ. ಲಂಡನ್ ಅಂಡ್ ಸೌತ್ ವೆಸ್ಟರ್ನ್ ರೈಲ್ವೆಯ ಅಧ್ಯಕ್ಷನೂ ಆದ. ಹಳ್ಳಿಯ ಇನ್‌ನವನಿಗೆ ಅಂಥ ದಾರಿ ಎಲ್ಲಿತ್ತು? ಲಾಯದ ಆಳು, ಬೂಟು ಒರೆಸುವ ಹುಡುಗ, ಲಾಳ ಕಟ್ಟುವವ, ಹುಲ್ಲು ತಂದು ಮಾರುವ ರೈತ, ಇವರೆಲ್ಲರ ಅನ್ನ ಕೆಲವೇ ವರ್ಷಗಳಲ್ಲಿ ಹೋಯಿತು. ಡಿಕನ್ಸ್‌ನ ‘ಪಿಕ್ವಿಕ್ ಪೇಪರ್ಸ್’ ಕಂತುಗಳಲ್ಲಿ ಬಂದದ್ದು 1836–37ರಲ್ಲಿ. ಅದರಲ್ಲಿನ ಇನ್‌ಗಳ ಸಂಭ್ರಮ ಓದುಗರ ಕಣ್ಣೆದುರೇ ಮುಗಿಯುತ್ತಿತ್ತು. 1863ರಲ್ಲಿ ಅದೇ ಡಿಕನ್ಸ್ ಹಾಳುಬಿದ್ದ ಗಾಡಿ ಇನ್ ಒಂದರ ಬಗ್ಗೆ ಪ್ರಬಂಧವನ್ನೇ ಬರೆದ.

ಇಲ್ಲೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಇವತ್ತು ಈ ಇನ್‌ಗಳು ಹಳೆಯ ರೂಪದಲ್ಲೇ ಉಳಿದಿದ್ದರೆ ಅದಕ್ಕೆ ಕಾರಣ ಯಾರ ಕಾಳಜಿಯೂ ಅಲ್ಲ, ಬಡತನ. ವ್ಯಾಪಾರ ನಡೆದಿದ್ದರೆ ವಿಕ್ಟೋರಿಯಾ ಕಾಲದ ಮಾಲೀಕರು ಕಮಾನು ಒಡೆದು, ಮೊಗಸಾಲೆ ಕಿತ್ತು, ಇಟ್ಟಿಗೆಯ ಹೊಸ ಹೋಟೆಲು ಎಬ್ಬಿಸುತ್ತಿದ್ದರು. ಲಂಡನ್ನಿನಲ್ಲಿ ಆದದ್ದು ಅದೇ. ಅಲ್ಲಿನ ಸದರ್ಕ್‌ನ ಜಾರ್ಜ್ ಇನ್‌ನ ಮೂರು ಪಾರ್ಶ್ವಗಳಲ್ಲಿ ಎರಡನ್ನು ರೈಲ್ವೆ ಕಂಪನಿ ಕೆಡವಿತು. ಉಳಿದ ಒಂದು ಪಾರ್ಶ್ವ ಈಗ ಹಳೆಯ ಕಟ್ಟಡಗಳನ್ನು ಕಾಯುವ ನ್ಯಾಷನಲ್ ಟ್ರಸ್ಟಿನದು, ಇಡೀ ಲಂಡನ್ನಿನಲ್ಲಿ ಮೊಗಸಾಲೆಯಿರುವ ಇನ್ ಎಂದರೆ ಅದೊಂದೇ. ರೈಲು ಮುಟ್ಟದ ಹಳ್ಳಿಗಳಲ್ಲಿ ಮಾಲೀಕರ ಹತ್ತಿರ ಕೆಡವಲೂ ಹಣವಿರಲಿಲ್ಲ. ಹಾಗಾಗಿ ಮನೆ ಉಳಿಯಿತು.

ನಿರ್ಜನ ರಸ್ತೆಗೆ ಮತ್ತೆ ಜನ ಬಂದದ್ದು ಸೈಕಲ್ ಏರಿ. 1878ರಲ್ಲಿ ಸೈಕಲ್ ಪ್ರವಾಸಿಗರ ಸಂಘ ಹುಟ್ಟಿತು. ಒಳ್ಳೆಯ ಇನ್‌ಗಳ ಗೋಡೆಗೆ ರೆಕ್ಕೆಯಿರುವ ಚಕ್ರದ ಫಲಕ ಹಾಕಿತು, ಸದಸ್ಯರಿಗೆ ದರ ನಿಗದಿ ಮಾಡಿಸಿತು. ಆ ಸಂಘವೇ ಒಂದು ಇನ್ ಮೇಲೆ ಮೊಕದ್ದಮೆ ಹೂಡಬೇಕಾಗಿಯೂ ಬಂತು. 1898ರ ಅಕ್ಟೋಬರಿನಲ್ಲಿ ಸರ‍್ರೆಯ ಆಕಮ್ ಹಳ್ಳಿಯ ಹಾಟ್‌ಬಾಯ್ ಹೋಟೆಲಿಗೆ ಲೇಡಿ ಹಾರ್ಬರ್ಟನ್ ಸೈಕಲ್ ತುಳಿದು ಬಂದರು, ಊಟ ಕೇಳಿದರು. ಅವರು ತೊಟ್ಟದ್ದು ಲಂಗವಲ್ಲ. ಸೈಕಲ್ಲಿಗೆ ಅನುಕೂಲವಾದ, ಮೊಣಕಾಲಿನ ಕೆಳಗೆ ಬಿಗಿದ ಅಗಲ ಚಡ್ಡಿ, ಮೇಲೊಂದು ಉದ್ದ ಕೋಟು. ಹೆಂಗಸರಿಗೆ ಅಂಥ ಉಡುಪು ಬೇಕೆಂದು ಅವರು ವರ್ಷಗಳಿಂದ ಹೋರಾಡುತ್ತಿದ್ದರು. ಮಾಲೀಕಳು, ಈ ವೇಷದಲ್ಲಿ ಊಟದ ಕೋಣೆಗೆ ಬಿಡುವುದಿಲ್ಲ ಎಂದಳು. ಬೇಕಾದರೆ ಗಂಡಸರು ಕುಡಿಯುತ್ತ ಕೂರುವ ಕಡೆ ಊಟ ಕೊಡುತ್ತೇನೆ ಎಂದು ತೋರಿಸಿದಳು. ಹೊಗೆ, ಹೆಂಡದ ವಾಸನೆ. ಲೇಡಿ ಹಾರ್ಬರ್ಟನ್ ಅಲ್ಲಿ ನಿಲ್ಲದೆ ಹೊರಟುಬಿಟ್ಟರು.

1899ರಲ್ಲಿ ವಿಚಾರಣೆ ನಡೆಯಿತು. ಪ್ರಯಾಣಿಕಳಿಗೆ ಊಟ ನಿರಾಕರಿಸಿದ್ದು ಇನ್‌ನ ಕಟ್ಟಳೆಗೆ ವಿರುದ್ಧ ಎಂಬುದು ಸಂಘದ ವಾದ. ಊಟ ಕೊಡುತ್ತೇವೆ ಎಂದಿದ್ದೆವಲ್ಲ, ಯಾವ ಕೋಣೆ ಎಂಬುದು ನಮ್ಮಿಷ್ಟ ಎಂಬುದು ಮಾಲೀಕಳ ಉತ್ತರ. ಎರಡೂ ಕೋಣೆಗಳ ಫೋಟೋಗಳನ್ನು ಪಂಚರ ಮುಂದೆ ಇಟ್ಟರು. ತೀರ್ಪು ಮಾಲೀಕಳ ಪರವಾಯಿತು. ಅಕ್ಷರಕ್ಕೆ ಅದು ಸರಿಯಿರಬಹುದು, ಅನ್ಯಾಯವೇ ಆಯಿತು ಎಂದು ನನ್ನ ಅಭಿಪ್ರಾಯ. ಗಾಡಿಯ ಮಾಡಿನ ಮೇಲೆ ಕೂತು ಬಂದವರನ್ನು ಅಡುಗೆಮನೆಗೆ ಕಳಿಸಿದ ಹಳೆಯ ಬುದ್ಧಿಯೇ ಅಲ್ಲೂ ಕೆಲಸ ಮಾಡಿತ್ತು. ಸೋತರೂ ವಿಷಯ ಪತ್ರಿಕೆಗಳಲ್ಲಿ ಬಿಸಿಬಿಸಿ ಚರ್ಚೆಯಾಯಿತು. ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಹೆಂಗಸರ ಉಡುಪೇ ಬದಲಾಗಿ ಪ್ರಶ್ನೆ ತಾನಾಗಿ ಬಿದ್ದುಹೋಯಿತು.

ಸೈಕಲ್ಲಿನ ಹಿಂದೆಯೇ ಕಾರು ಬಂತು. ಕಾರಿನವರ ಸಂಸ್ಥೆ ಆಟೊಮೊಬೈಲ್ ಅಸೋಸಿಯೇಷನ್ 1912ರಲ್ಲಿ ಹೋಟೆಲುಗಳಿಗೆ ನಕ್ಷತ್ರ ಕೊಡಲು ಶುರು ಮಾಡಿತು. ಹಳೆಯ ಇನ್‌ಗಳನ್ನು ಪ್ರೀತಿಯಿಂದ ಮೇಲೆತ್ತಿದವರು ಈ ಕಾಲದವರೇ. ಕಾಟ್ಸ್‌ವೋಲ್ಡ್ಸ್ ಬೆಟ್ಟದ ಬುಡದ ಬ್ರಾಡ್‌ವೇ ಹಳ್ಳಿಯಲ್ಲಿ ಲೈಗನ್ ಆರ್ಮ್ಸ್ ಎಂಬ ಕಲ್ಲುಮನೆಯ ಇನ್ ಇದೆ. ಒಂದನೇ ಚಾರ್ಲ್ಸ್ ದೊರೆಯೂ ಅವನ ವೈರಿ ಕ್ರಾಮ್‌ವೆಲ್ಲನೂ ಬೇರೆ ಬೇರೆ ಹೊತ್ತಿನಲ್ಲಿ ಅಲ್ಲಿ ತಂಗಿದ್ದರೆಂಬ ಪ್ರತೀತಿ. 20ನೇ ಶತಮಾನದ ಆರಂಭದಲ್ಲಿ ಸಿಡ್ನಿ ರಸೆಲ್ ಅದನ್ನು ಕೊಂಡ. ಸುಣ್ಣ, ಕಾಗದ ಕೆರೆಸಿ ಹಳೆಯ ಒಲೆಗೂಡುಗಳನ್ನು ತೆರೆಸಿದ. ಮನೆಗೆ ಹೊಂದುವ ಹಳೆಯ ಕುರ್ಚಿ ಮೇಜುಗಳನ್ನು ಹರಾಜಿನಿಂದ ತಂದ. ಮುರಿದವನ್ನು ರಿಪೇರಿ ಮಾಡಲು ಒಂದು ಚಿಕ್ಕ ಕಾರ್ಖಾನೆ ಬೇಕಾಯಿತು. ಮಗ ಗಾರ್ಡನ್ ಆ ಬಡಗಿಗಳ ನಡುವೆ ಬೆಳೆದ. ಮುನ್ನೂರು ವರ್ಷದ ಮೇಜಿನ ಕೀಲು ಬಿಚ್ಚಿ ಕೂಡಿಸುವುದನ್ನು ನೋಡಿ ನೋಡಿಯೇ ಮರದ ಕೆಲಸ ಕಲಿತ. ಮೊದಲ ಮಹಾಯುದ್ಧದಿಂದ ಮರಳಿ ತನ್ನದೇ ವಿನ್ಯಾಸಗಳನ್ನು ಮಾಡತೊಡಗಿದ. 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆದ. ಎರಡನೇ ಮಹಾಯುದ್ಧದಲ್ಲಿ ಮರಕ್ಕೆ ರೇಷನ್ ಬಂದಾಗ, ಬಾಂಬಿಗೆ ಮನೆ ಕಳೆದುಕೊಂಡವರಿಗೂ ಹೊಸದಾಗಿ ಮದುವೆಯಾದವರಿಗೂ ಸರ್ಕಾರ ಕೊಡಿಸಿದ ಸರಳ, ಗಟ್ಟಿ ಪೀಠೋಪಕರಣಗಳ ವಿನ್ಯಾಸದ ಉಸ್ತುವಾರಿ ಹೊತ್ತವನೂ ಅವನೇ. ಹಳ್ಳಿಯ ಇನ್ ಒಂದರ ರಿಪೇರಿ ಕೋಣೆಯಲ್ಲಿ ಕಲಿತ ವಿದ್ಯೆ ಒಂದು ದೇಶದ ಸಾಮಾನ್ಯರ ಮನೆಗಳನ್ನು ಹೊಕ್ಕಿತು.

ಜಾನ್ ಫಾದರ್‌ಗಿಲ್ ಇನ್ನೊಂದು ಬಗೆಯವನು. ಆಸ್ಕರ್ ವೈಲ್ಡನ ಪರಿಚಯವಿದ್ದ, ಕಲೆಯ ಲೋಕದಲ್ಲಿ ಓಡಾಡಿದ ಈತ 1922ರಲ್ಲಿ ಆಕ್ಸ್‌ಫರ್ಡಿನ ಹತ್ತಿರದ ಥೇಮ್ ಊರಿನ ಸ್ಪ್ರೆಡ್ ಈಗಲ್ ಇನ್ ಹಿಡಿದ. ಚಿತ್ರಗಾರ್ತಿ ಡೋರಾ ಕ್ಯಾರಿಂಗ್ಟನ್ ಅದಕ್ಕೆ ಹದ್ದಿನ ಫಲಕ ಬರೆದುಕೊಟ್ಟಳು. ಇಂಗ್ಲೆಂಡಿನ ಹೋಟೆಲುಗಳಲ್ಲಿ ಡಬ್ಬಿಯ ಸೂಪು, ಬೇಯಿಸಿ ಸಪ್ಪೆ ಮಾಡಿದ ಕೋಸು ಬಡಿಸುತ್ತಿದ್ದ ಕಾಲದಲ್ಲಿ ಫಾದರ್‌ಗಿಲ್ ಒಂದೊಂದು ಪದಾರ್ಥವನ್ನೂ ಅದು ಚೆನ್ನಾಗಿ ಸಿಗುವ ಊರಿನಿಂದಲೇ, ದೇಶದಿಂದಲೇ ತರಿಸಿದ. ಆಕ್ಸ್‌ಫರ್ಡಿನ ಹುಡುಗರು ಮುಗಿಬಿದ್ದರು. ಅವರಲ್ಲೊಬ್ಬ ಎವೆಲಿನ್ ವಾ, ಮುಂದೆ ಕಾದಂಬರಿಯಲ್ಲಿ ಆ ಇನ್‌ಗೂ ಜಾಗ ಕೊಟ್ಟ. ಆದರೆ ಫಾದರ್‌ಗಿಲ್‌ಗೆ ಎಲ್ಲರೂ ಬೇಕಿರಲಿಲ್ಲ. ಊಟ ಮಾಡದೆ ಶೌಚಾಲಯಕ್ಕೆಂದು ಮಾತ್ರ ಒಳಬಂದವರ ಮೇಲೆ ರೇಗುತ್ತಿದ್ದ. ನೋಡಲು ಚೆನ್ನಾಗಿಲ್ಲದ ಗಿರಾಕಿಗಳ ಬಿಲ್ಲಿಗೆ ಹೆಚ್ಚುವರಿ ಹಣ ಸೇರಿಸಿದ್ದನ್ನು ತಾನೇ ತನ್ನ ‘ಆ್ಯನ್ ಇನ್‌ಕೀಪರ್ಸ್ ಡೈರಿ’ಯಲ್ಲಿ (1931) ಬರೆದುಕೊಂಡಿದ್ದಾನೆ. ಆ ಪುಸ್ತಕ ಓದಿ ಇಂಗ್ಲಿಷರು ನಕ್ಕು ಮೆಚ್ಚಿದರು. ನನಗೆ ಪೂರ್ತಿ ಮೆಚ್ಚಲಾಗುವುದಿಲ್ಲ. ಅಡುಗೆಯಲ್ಲಿ ಅವನು ದೊಡ್ಡ ಗುರು, ಹಳ್ಳಿಗಾಡಿನ ಹೋಟೆಲಿನಲ್ಲಿ ಒಳ್ಳೆಯ ಊಟ ಸಿಗಬಹುದೆಂದು ತೋರಿಸಿಕೊಟ್ಟವನು. ಆದರೆ ಮುಖ ನೋಡಿ ಬಾಗಿಲು ತೆರೆಯುವವನು ಇನ್‌ನವನಲ್ಲ.

ಮುಖ ನೋಡುವ ಆ ಬುದ್ಧಿ ಎಲ್ಲಿಗೆ ಒಯ್ಯುತ್ತದೆಂಬುದು 1943ರಲ್ಲಿ ಕಂಡಿತು. ವೆಸ್ಟ್ ಇಂಡೀಸ್‌ನ ಮಹಾನ್ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಲಾರ್ಡ್ಸ್‌ನಲ್ಲಿ ಆಡಲೆಂದು ಲಂಡನ್ನಿಗೆ ಬಂದರು. ಹೆಂಡತಿ ಮಗಳ ಜೊತೆ ನಾಲ್ಕು ರಾತ್ರಿಗೆ ಇಂಪೀರಿಯಲ್ ಹೋಟೆಲಿನಲ್ಲಿ ಮೊದಲೇ ಕೋಣೆ ಗೊತ್ತು ಮಾಡಿದ್ದರು. ಬಂದ ಮೇಲೆ ಅವರಿಗೆ ಸಿಕ್ಕ ಉತ್ತರ: ಒಂದು ರಾತ್ರಿ ಇದ್ದು ಹೊರಡಿ. ಕಾರಣ ಅವರ ಚರ್ಮದ ಬಣ್ಣ. ಜನಾಂಗಭೇದದ ವಿರುದ್ಧ ಬ್ರಿಟನ್ನಿನಲ್ಲಿ ಆಗ ಯಾವ ಕಾಯ್ದೆಯೂ ಇರಲಿಲ್ಲ. ಕಾನ್‌ಸ್ಟಂಟೈನ್ ಕೋರ್ಟಿಗೆ ಹೋದರು. ಅವರ ವಕೀಲರು ಹಿಡಿದದ್ದು ಶತಮಾನಗಳ ಹಿಂದಿನ ಅದೇ ಕಟ್ಟಳೆಯನ್ನು: ಹಣ ಕೊಡುವ, ನಡತೆ ಸರಿಯಿರುವ ಪ್ರಯಾಣಿಕನನ್ನು ಇನ್‌ನವನು ಕಾರಣವಿಲ್ಲದೆ ಹೊರಗಿಡುವ ಹಾಗಿಲ್ಲ. 1944ರಲ್ಲಿ ನ್ಯಾಯಮೂರ್ತಿ ಬರ್ಕೆಟ್ ಅದನ್ನೇ ಎತ್ತಿಹಿಡಿದರು. ಪರಿಹಾರದ ಮೊತ್ತ ಬರೀ ಐದು ಗಿನಿ. ಮೊತ್ತ ಚಿಕ್ಕದಿರಲಿ. ಕುದುರೆ ಸವಾರರಿಗೆಂದು ಹುಟ್ಟಿದ ನಿಯಮ, ಮೊರಿಟ್ಜನಿಗೂ ಲೇಡಿ ಹಾರ್ಬರ್ಟನ್‌ಗೂ ಒದಗದೆ ಹೋದದ್ದು, ಅಂದು ಸರಿಯಾದ ಮನುಷ್ಯನಿಗೆ ಒದಗಿತು. ಜನಾಂಗಭೇದವನ್ನು ತಡೆಯುವ ಮೊದಲ ಕಾಯ್ದೆ ಬ್ರಿಟನ್ನಿನಲ್ಲಿ ಬಂದದ್ದು 1965ರಲ್ಲಿ.

ಯುದ್ಧದ ನಂತರದ ಕಥೆ ಎಲ್ಲರಿಗೂ ಸ್ವಲ್ಪ ಗೊತ್ತಿರುವಂಥದ್ದು. ಹಳ್ಳಿಗಳ ದೊಡ್ಡ ಜಮೀನ್ದಾರಿ ಬಂಗಲೆಗಳನ್ನು ತೆರಿಗೆ ಕಟ್ಟಲಾರದೆ ಒಡೆಯರು ನೂರಾರು ಸಂಖ್ಯೆಯಲ್ಲಿ ಕೆಡವಿಸಿದರು. ಉಳಿದವುಗಳಲ್ಲಿ ಕೆಲವು ಹೋಟೆಲುಗಳಾದವು. ಸರೋವರಗಳ ನಾಡಿನ ಅಲ್ಸ್‌ವಾಟರ್ ದಡದಲ್ಲಿ ಫ್ರಾನ್ಸಿಸ್ ಕೋಲ್ಸನ್ 1940ರ ದಶಕದ ಕೊನೆಯಲ್ಲಿ, ರೇಷನ್ ಇನ್ನೂ ಜಾರಿಯಲ್ಲಿದ್ದಾಗಲೇ, ತೆರೆದ ಶಾರೋ ಬೇ ಈ ಬಗೆಯ ಹೋಟೆಲುಗಳಿಗೆ ಮಾದರಿಯಾಯಿತು. 1951ರಲ್ಲಿ ರೇಮಂಡ್ ಪೋಸ್ಟ್‌ಗೇಟ್ ಶುರು ಮಾಡಿದ ‘ಗುಡ್ ಫುಡ್ ಗೈಡ್’ ಗಿರಾಕಿಗಳ ಮಾತಿಗೆ ಬೆಲೆ ತಂದಿತು. ಶಾರೋ ಬೇ 2020ರಲ್ಲಿ ಬಾಗಿಲು ಹಾಕಿತು. ಬಂಗಲೆಗಳಿಂದಾದ ಈ ಹೋಟೆಲುಗಳು ಸೊಗಸಾದ ಮನೆಗಳು, ನಿಜ. ಆದರೆ ಒಡೆಯರ ಖಾಸಗಿ ಬದುಕಿಗೆ ಕಟ್ಟಿದವು. ಬೀದಿಗೆ ಮುಖ ಮಾಡಿ, ಯಾರು ಬಂದರೂ ಬರಲಿ ಎಂದು ಕಮಾನು ತೆರೆದಿಟ್ಟ ಇನ್‌ನ ಜಾತಿಯೇ ಬೇರೆ.

ನೀವು ಎಂದಾದರೂ ಇಂಗ್ಲೆಂಡಿಗೆ ಹೋದರೆ, ಅಲ್ಲಿರುವ ಮಕ್ಕಳ ಮನೆಗೋ ಕೆಲಸಕ್ಕೋ, ಒಂದು ರಾತ್ರಿಯನ್ನು ಇಂಥ ಇನ್‌ಗೆ ಕೊಡಿ. ಗ್ಲಾಸ್ಟರ್, ಸ್ಟ್ಯಾಮ್‌ಫರ್ಡ್, ನಾರ್ಟನ್ ಸೇಂಟ್ ಫಿಲಿಪ್, ಯಾವುದಾದರೂ ಸರಿ. ಅಂಥ ಮನೆಗಳಲ್ಲಿ ಬಾಗಿಲ ಹತ್ತಿರ ಇಲ್ಲವೇ ಕೌಂಟರಿನ ಬಳಿ ಚಿಕ್ಕ ಅಕ್ಷರದ ಒಂದು ನೋಟಿಸು ಇರುತ್ತದೆ. ಯಾರೂ ಓದುವುದಿಲ್ಲ, ನೀವು ಓದಿ. ಅದು 1956ರ ಹೋಟೆಲ್ ಮಾಲೀಕರ ಕಾಯ್ದೆಯದು. ಬಂದ ಪ್ರಯಾಣಿಕರನ್ನು ಮುಂಗಡ ಕರಾರಿಲ್ಲದೆ ಸ್ವೀಕರಿಸುವ ಮನೆಯೇ ಹೋಟೆಲು ಎಂದು ಹೇಳಿ, ಹಳೆಯ ಇನ್‌ನ ಹಕ್ಕು ಮತ್ತು ಹೊಣೆಗಳನ್ನೆಲ್ಲ ಆ ಕಾಯ್ದೆ ಅದಕ್ಕೆ ವರ್ಗಾಯಿಸಿತು. ಸಾಮಾನು ಕಳೆದರೆ ಒಂದು ವಸ್ತುವಿಗೆ 50 ಪೌಂಡ್, ಒಟ್ಟು 100 ಪೌಂಡ್‌ವರೆಗೆ ಮಾಲೀಕ ಹೊಣೆ ಎಂದು ಆ ನೋಟಿಸು ಹೇಳುತ್ತದೆ. ಕಾರು ಮತ್ತು ಕಾರಿನೊಳಗಿನ ಸಾಮಾನಿಗೆ ಅದು ಅನ್ವಯಿಸುವುದಿಲ್ಲ. ಕುದುರೆಗೂ ಅನ್ವಯಿಸುವುದಿಲ್ಲ ಎಂದು ಅದರಲ್ಲಿ ಇಂದಿಗೂ ಬರೆದಿದೆ.